ಗುಡ್ಡದ ಮೇಲಿನ ಮದ್ದು, ಕಣಿವೆಯ ಲೆಕ್ಕ

ಎಂಡೋಸಲ್ಫಾನ್ ಎಂಬ ಕೀಟನಾಶಕದ ನಿಷೇಧದ ಆದೇಶ ಹೊರಬಿದ್ದದ್ದು ದೆಹಲಿಯಲ್ಲಿ. ಅದಕ್ಕೆ ಬೇಕಾದ ಪುರಾವೆಯನ್ನು ಮೂವತ್ತು ವರ್ಷ ಕೂಡಿಟ್ಟವರು ಕಾಸರಗೋಡಿನ ಹಳ್ಳಿಗರು, ಒಬ್ಬ ವೈದ್ಯ, ಒಬ್ಬ ಕೃಷಿಕ ಪತ್ರಕರ್ತ, ಒಬ್ಬ ಸರ್ಕಾರಿ ನೌಕರೆ. ಜನಾರೋಗ್ಯದ ನೀತಿ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇಷ್ಟು ಹತ್ತಿರದ ಪಾಠ ನಮಗೆ ಇನ್ನೊಂದಿಲ್ಲ.

ಕಾಸರಗೋಡು ಜಿಲ್ಲೆಯಲ್ಲಿ ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಎಣ್ಮಕಜೆ ಪಂಚಾಯಿತಿಯ ನೆಲದ ರಚನೆ ತಿಳಿದರೆ ಅಲ್ಲಿ ಆದದ್ದರ ಅರ್ಧ ಅರ್ಥವಾಗುತ್ತದೆ. ಮೇಲೆ ಮುರಕಲ್ಲಿನ ಗುಡ್ಡ, ಕೆಳಗೆ ಅಡಿಕೆ ತೋಟ, ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ. ಕುಡಿಯುವ ನೀರಿಗೆ ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗಗಳು, ತೆರೆದ ಬಾವಿಗಳು, ವರ್ಷದ ಬಹುಪಾಲು ಹರಿಯುವ ತೋಡುಗಳು. ಗುಡ್ಡದ ತಲೆಯ ಮೇಲೆ ಬಿದ್ದದ್ದು ಇಂದಲ್ಲ ನಾಳೆ ಮನೆಯ ಕೊಡಪಾನಕ್ಕೆ ಇಳಿಯಲೇಬೇಕು.

ಆ ಗುಡ್ಡಗಳ ಮೇಲೆ ಇದ್ದದ್ದು ಗೇರು. ಕೇರಳ ಸರ್ಕಾರದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಷನ್ ಕಾಸರಗೋಡು ಜಿಲ್ಲೆಯಲ್ಲಿ 4,500 ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ಗೇರು ಬೆಳೆಸಿತ್ತು. ಗೇರು ಹೂಬಿಡುವ ಕಾಲಕ್ಕೆ ಚಿಗುರಿನ ರಸ ಹೀರುವ ಟೀ ಸೊಳ್ಳೆಯ ಕಾಟ ಜೋರು. ಕೂಲಿಯಾಳುಗಳಿಂದ ಅಷ್ಟು ಮರಗಳಿಗೆ ಮದ್ದು ಹೊಡೆಸುವುದು ದುಬಾರಿ ಎನಿಸಿ, 1970ರ ದಶಕದ ಕೊನೆಯಿಂದ ಹೆಲಿಕಾಪ್ಟರ್ ಬಂತು. ವರ್ಷಕ್ಕೆ ಎರಡು ಮೂರು ಸಲ ಆಕಾಶದಿಂದ ಎಂಡೋಸಲ್ಫಾನ್ ಸುರಿಯುವುದು 2000ದ ಡಿಸೆಂಬರ್‌ವರೆಗೂ ನಡೆಯಿತು. ಮರದ ತುದಿಗಿಂತ ಎರಡು ಮೂರು ಮೀಟರ್ ಎತ್ತರದಲ್ಲಷ್ಟೇ ಹಾರಬೇಕು, ಸುತ್ತಲಿನವರಿಗೆ ಮುನ್ಸೂಚನೆ ಕೊಡಬೇಕು, ನೀರಿನ ಆಸರೆಗಳನ್ನು ಮುಚ್ಚಿಸಬೇಕು ಎಂಬ ನಿಯಮಗಳೇನೋ ಇದ್ದವು. ಏರುತಗ್ಗಿನ ಗುಡ್ಡಗಳ ನಡುವೆ ಹೆಲಿಕಾಪ್ಟರ್ ಅಷ್ಟು ತಗ್ಗಿನಲ್ಲಿ ಹಾರುವುದಾಗಲಿ, ಹರಿಯುವ ತೋಡಿಗೆ ಮುಚ್ಚಳ ಹಾಕುವುದಾಗಲಿ ಸಾಧ್ಯವೇ ಎಂದು ನಿಯಮ ಮಾಡಿದವರು ಯೋಚಿಸಿರಲಿಲ್ಲ. ಆ ನೆಲವನ್ನು ಬಲ್ಲವರ ಹತ್ತಿರ ಯಾರೂ ಕೇಳಿರಲೂ ಇಲ್ಲ.

ಕರುವಿನಿಂದ ಶುರುವಾದ ಅನುಮಾನ

ಮೊದಲು ಕಣ್ಣಿಗೆ ಬಿದ್ದದ್ದು ಹಟ್ಟಿಯಲ್ಲಿ. 1979ರ ಹೊತ್ತಿಗೆ ಎಣ್ಮಕಜೆಯ ಪಡ್ರೆ ಗ್ರಾಮದಲ್ಲಿ ಸೊಟ್ಟ ಕಾಲಿನ ಕರುಗಳು ಹುಟ್ಟುತ್ತಿದ್ದುದನ್ನು ಅಲ್ಲಿಯ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ ಗಮನಿಸಿದರು. ಮುಂದೆ ‘ಅಡಿಕೆ ಪತ್ರಿಕೆ’ಯ ಮೂಲಕವೂ ಮಳೆನೀರಿನ ಬರಹಗಳಿಂದಲೂ ಕನ್ನಡಿಗರಿಗೆಲ್ಲ ಪರಿಚಿತರಾದ ಅವರು, ಗೇರುಬೀಜಕ್ಕಿಂತ ಜೀವ ಅಗ್ಗವಾಯಿತೇ ಎಂಬ ಪ್ರಶ್ನೆಯನ್ನು 1980ರ ದಶಕದ ಆರಂಭದಲ್ಲೇ ಬರೆದು ಎತ್ತಿದರು. ಆಗ ಅದು ಒಬ್ಬ ಹಳ್ಳಿಗನ ಅನುಮಾನ ಮಾತ್ರ. ಓದಿದವರು ಮರೆತರು, ಹೆಲಿಕಾಪ್ಟರ್ ಹಾರುತ್ತಲೇ ಇತ್ತು.

1982ರಿಂದ ಅದೇ ಊರಿನ ವಾಣಿನಗರದಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ವೈದ್ಯವೃತ್ತಿ ನಡೆಸುತ್ತಿದ್ದರು. ಒಂದೇ ಊರಲ್ಲಿ ದಶಕಗಟ್ಟಲೆ ಕೂತ ವೈದ್ಯನಿಗೆ ದೊಡ್ಡಾಸ್ಪತ್ರೆಯ ತಜ್ಞನಿಗೆ ಕಾಣದ್ದು ಕಾಣುತ್ತದೆ. ತಜ್ಞನ ಮುಂದೆ ರೋಗಿ ಬರುತ್ತಾನೆ, ಊರ ವೈದ್ಯನ ಮುಂದೆ ಇಡೀ ಮನೆತನ ಬರುತ್ತದೆ. ಬುದ್ಧಿ ಬೆಳೆಯದ ಮಕ್ಕಳು, ಅಪಸ್ಮಾರ, ಹುಟ್ಟಿನಿಂದಲೇ ಬಂದ ಅಂಗವೈಕಲ್ಯ, ಕ್ಯಾನ್ಸರ್, ಮಾನಸಿಕ ಅಸ್ವಸ್ಥತೆ — ಬಿಡಿಬಿಡಿಯಾಗಿ ನೋಡಿದರೆ ಯಾವ ಊರಲ್ಲಾದರೂ ಇರುವಂಥವೇ. ಅಷ್ಟು ಚಿಕ್ಕ ಪ್ರದೇಶದಲ್ಲಿ ಅಷ್ಟೊಂದು ಏಕೆ ಎನ್ನುವುದು ಅವರನ್ನು ಕಾಡಿತು. ಯಾವ ಮನೆಯಲ್ಲಿ ಯಾವ ಕಾಯಿಲೆ, ಆ ಮನೆಯ ನೀರು ಎಲ್ಲಿಂದ ಎಂದು ಹೊಂದಿಸಿ ನೋಡಿದಾಗ ಕಾಯಿಲೆಯ ಮನೆಗಳು ತೋಡಿನ ಜಾಡನ್ನೇ ಹಿಡಿದಿದ್ದವು. ಕಾರಣ ಹುಡುಕಲು ನೆರವಾಗಿ ಎಂದು 1990ರ ದಶಕದಲ್ಲಿ ಅವರು ಕೇರಳದ ವೈದ್ಯಕೀಯ ಪತ್ರಿಕೆಗೂ ಬರೆದರು.

ಇಲ್ಲಿ ಭಾಷೆಯ ತೊಡಕೂ ಇತ್ತು. ಎಣ್ಮಕಜೆಯ ಮನೆಮಾತು ತುಳು, ಕನ್ನಡ. ಆಡಳಿತದ ಕಡತ ಮಲಯಾಳದಲ್ಲಿ, ವಿಜ್ಞಾನದ ವರದಿ ಇಂಗ್ಲಿಷಿನಲ್ಲಿ. ತೀರ್ಮಾನ ಮಾಡುವವರು ಕೇರಳದ ಇನ್ನೊಂದು ತುದಿಯ ತಿರುವನಂತಪುರದಲ್ಲಿ. ತಾಯಿಯೊಬ್ಬಳು ತುಳುವಿನಲ್ಲಿ ಹೇಳಿಕೊಂಡ ಮಾತು ಸಚಿವಾಲಯದ ಮೇಜಿಗೆ ತಲುಪಬೇಕಾದರೆ ಮೂರು ಭಾಷೆ ದಾಟಬೇಕಿತ್ತು. ಊರಿನವರೇ ಆದ ವೈದ್ಯ, ಪತ್ರಕರ್ತರು ಇಲ್ಲದೆ ಹೋಗಿದ್ದರೆ ಆ ಮಾತು ವಾಣಿನಗರದಲ್ಲೇ ಉಳಿಯುತ್ತಿತ್ತು.

ಮುನ್ಸಿಫ್ ಕೋರ್ಟಿನ ಮೆಟ್ಟಿಲು

ಜಿಲ್ಲೆಯ ದಕ್ಷಿಣ ಭಾಗದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದವರು ಲೀಲಾಕುಮಾರಿ ಅಮ್ಮ. ತಮ್ಮ ಮನೆಯವರ ಆರೋಗ್ಯ ಕೆಡುತ್ತಿರುವುದಕ್ಕೂ ತಲೆಯ ಮೇಲೆ ಹಾರುವ ಹೆಲಿಕಾಪ್ಟರಿಗೂ ನಂಟಿದೆ ಎಂದು ಅವರಿಗೆ ಖಚಿತವಾಯಿತು. ನೆರೆಹೊರೆಯವರ ಸಹಿ ಸಂಗ್ರಹಿಸಿ ದೂರು ಕೊಟ್ಟರು, ಪ್ರಯೋಜನವಾಗಲಿಲ್ಲ. 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಕೀಟನಾಶಕವನ್ನು ಶಿಫಾರಸು ಮಾಡುವ ಇಲಾಖೆಯಲ್ಲೇ ದುಡಿಯುವ ಹೆಣ್ಣುಮಗಳು ಸರ್ಕಾರಿ ನಿಗಮದ ವಿರುದ್ಧ ನಿಂತದ್ದು ಸಣ್ಣ ಸಂಗತಿಯಲ್ಲ. ಆಕಾಶದಿಂದ ಸಿಂಪಡಿಸುವುದಕ್ಕೆ ಕೋರ್ಟು ತಡೆ ಕೊಟ್ಟಿತು, ನಿಗಮದ ಮೇಲ್ಮನವಿ ಫಲಿಸಲಿಲ್ಲ.

ದೇಶದ ನೀತಿಯನ್ನು ಮುಂದೆ ಅಲುಗಾಡಿಸಿದ ಹೋರಾಟದ ಮೊದಲ ಕಾನೂನು ಜಯ ಸಿಕ್ಕಿದ್ದು ನ್ಯಾಯಾಂಗದ ಅತ್ಯಂತ ಕೆಳಗಿನ ಹಂತದಲ್ಲಿ. ರಾಸಾಯನಿಕವನ್ನೇ ನಿಷೇಧಿಸಿ ಎಂದು ಕೇಳಿದ್ದರೆ ಆ ಕೋರ್ಟಿನ ಕೈಯಲ್ಲಿ ಅದು ಇರಲಿಲ್ಲ. ನನ್ನ ಮನೆಯ ಮೇಲೆ ಸುರಿಯಬೇಡಿ ಎಂಬ ಬೇಡಿಕೆಗೆ ಉತ್ತರ ಕೊಡುವ ಅಧಿಕಾರ ಅದಕ್ಕಿತ್ತು. ಯಾವ ಬಾಗಿಲಲ್ಲಿ ಯಾವ ಬೇಡಿಕೆ ಇಡಬೇಕು ಎಂಬ ವಿವೇಕ ಇಡೀ ಹೋರಾಟದುದ್ದಕ್ಕೂ ಕೆಲಸ ಮಾಡಿತು.

ವರದಿಗೆ ಎದುರು ವರದಿ

ಶತಮಾನ ಹೊರಳುವ ಹೊತ್ತಿಗೆ ಪಡ್ರೆಯಲ್ಲಿ ಸಿಂಪಡಣೆ ವಿರೋಧಿ ಕ್ರಿಯಾ ಸಮಿತಿ ಹುಟ್ಟಿತ್ತು, ತಿರುವನಂತಪುರದ ‘ತಣಲ್’ ಸಂಸ್ಥೆ ದಾಖಲಾತಿಗೆ ಕೈಜೋಡಿಸಿತ್ತು. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್‌ವಿರಾನ್‌ಮೆಂಟ್ ಪಡ್ರೆಯ ನೀರು, ಮಣ್ಣು, ಜನರ ರಕ್ತ ಮುಂತಾದವುಗಳ ಮಾದರಿಗಳನ್ನು ಪರೀಕ್ಷಿಸಿ ಅವುಗಳಲ್ಲಿ ಎಂಡೋಸಲ್ಫಾನ್ ಹೆಚ್ಚಿನ ಪ್ರಮಾಣದಲ್ಲಿದೆ ಎಂದಿತು. ಪ್ಲಾಂಟೇಶನ್ ಕಾರ್ಪೊರೇಷನ್ನಿನ ಪರವಾಗಿ ತಮಿಳುನಾಡಿನ ಇನ್ನೊಂದು ಸಂಸ್ಥೆ ಪರೀಕ್ಷೆ ನಡೆಸಿ, ತೊಂದರೆ ಏನೂ ಇಲ್ಲ ಎಂದಿತು. ಕೇರಳ ಸರ್ಕಾರ ನೇಮಿಸಿದ ಅಚ್ಯುತನ್ ಸಮಿತಿ ಸಿಂಪಡಣೆ ನಿಲ್ಲಬೇಕು ಎಂದಿತು, ಕೇಂದ್ರ ಕೃಷಿ ಸಚಿವಾಲಯ ನೇಮಿಸಿದ ಓ.ಪಿ. ದುಬೆ ಸಮಿತಿ ಕಾಯಿಲೆಗಳಿಗೂ ಎಂಡೋಸಲ್ಫಾನಿಗೂ ನಂಟು ಸಿದ್ಧವಾಗಿಲ್ಲ ಎಂದಿತು.

ಸಾಮಾನ್ಯನಿಗೆ ತಲೆ ಚಿಟ್ಟುಹಿಡಿಯುವುದು ಇಲ್ಲೇ. ವಿಜ್ಞಾನಿಗಳೇ ಎರಡು ಮಾತಾಡಿದರೆ ನಂಬುವುದು ಯಾರನ್ನು? ಈ ಗೊಂದಲದಿಂದ ಲಾಭ ಯಾವಾಗಲೂ ಮಾರುವವರಿಗೆ. ಅನುಮಾನ ಬಗೆಹರಿಯುವ ತನಕ ಮಾರಾಟ ನಿಲ್ಲುವುದಿಲ್ಲವಲ್ಲ!

ಗಂಟು ಸಡಿಲಿಸಿದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿಷಯ ಎತ್ತಿಕೊಂಡ ಮೇಲೆ ನಡೆದ ಈ ಅಧ್ಯಯನದ ಜಾಣ್ಮೆ ಅದರ ಹೋಲಿಕೆಯಲ್ಲಿದೆ. ಪಡ್ರೆಯ ಶಾಲಾ ಮಕ್ಕಳನ್ನಷ್ಟೇ ನೋಡಿದ್ದರೆ ಅದು ಮತ್ತೊಂದು ಕಣ್ಣೀರಿನ ಕಥೆಯಾಗುತ್ತಿತ್ತು. ಅದೇ ಹವೆ, ಅದೇ ಆಹಾರ, ಸರಿಸುಮಾರು ಅದೇ ಜೀವನಮಟ್ಟ ಇದ್ದೂ ಆಕಾಶದಿಂದ ಮದ್ದು ಬೀಳದ ಮೀಂಜ ಪಂಚಾಯಿತಿಯ ಮಕ್ಕಳನ್ನು ಪಕ್ಕದಲ್ಲಿಟ್ಟು ನೋಡಿದರು. ಕಲಿಕೆ ಮತ್ತು ನರಸಂಬಂಧಿ ತೊಂದರೆಗಳು, ಹುಟ್ಟಿನಿಂದ ಬಂದ ಊನಗಳು ಪಡ್ರೆಯ ಕಡೆ ಹೆಚ್ಚಿದ್ದವು. 10ರಿಂದ 19 ವರ್ಷದ 117 ಹುಡುಗರನ್ನು ಮದ್ದು ಸೋಕದ ಊರಿನ 90 ಹುಡುಗರ ಜತೆ ಹೋಲಿಸಿದಾಗ ಮೊದಲ ಗುಂಪಿನವರು ಪ್ರಾಯಕ್ಕೆ ಬರುವುದು ತಡವಾಗಿತ್ತು, ಹಾರ್ಮೋನುಗಳ ಮಟ್ಟದಲ್ಲಿ ವ್ಯತ್ಯಾಸವಿತ್ತು. ಈ ಭಾಗ 2003ರಲ್ಲಿ ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಅಧ್ಯಯನಕ್ಕೂ ಆಕ್ಷೇಪಗಳು ಬಂದವು. ಮಾದರಿ ಚಿಕ್ಕದು, ಕಾಯಿಲೆಗಳಿಗೆ ಬೇರೆ ಕಾರಣಗಳಿರಬಹುದು ಎಂದು ವಾದಿಸುವ ವಿಜ್ಞಾನಿಗಳು ಕೇರಳದಲ್ಲಿ ಇಂದಿಗೂ ಇದ್ದಾರೆ. ಅವರ ಪ್ರಶ್ನೆಗಳನ್ನು ತಳ್ಳಿಹಾಕುವ ಅಗತ್ಯವಿಲ್ಲ. ಹಾಸಿಗೆ ಹಿಡಿದ ಒಂದು ಮಗುವನ್ನು ತೋರಿಸಿ, ಇದರ ಸ್ಥಿತಿಗೆ ಎಂಡೋಸಲ್ಫಾನೇ ಕಾರಣ ಎಂದು ಪ್ರಯೋಗಾಲಯದಲ್ಲಿ ಸಾಬೀತುಪಡಿಸುವುದು ಹೆಚ್ಚುಕಡಿಮೆ ಅಸಾಧ್ಯ. ಬೀಡಿ ಸೇದುವ ಒಬ್ಬನ ಕ್ಯಾನ್ಸರಿಗೆ ಬೀಡಿಯೇ ಕಾರಣ ಎಂದು ಹಾಗೆ ತೋರಿಸಲಾಗದು. ಆದರೂ ತಂಬಾಕು ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಒಬ್ಬನ ಕಾಯಿಲೆಗೆ ಕಾರಣ ಹುಡುಕುವುದು ವೈದ್ಯಶಾಸ್ತ್ರದ ಕೆಲಸ. ಒಂದು ಊರಿನ ಕಾಯಿಲೆ ಪಕ್ಕದ ಊರಿಗಿಂತ ಏಕೆ ಹೆಚ್ಚು ಎಂದು ಕೇಳುವುದು ಜನಾರೋಗ್ಯದ ಕೆಲಸ. ನೀತಿ ಬದಲಾಗಲು ಎರಡನೆಯ ಪ್ರಶ್ನೆಯ ಉತ್ತರ ಸಾಕು. ಆ ಪ್ರಶ್ನೆಯನ್ನು ಕೇಳಬಲ್ಲವರು ಎರಡೂ ಊರುಗಳನ್ನು ಬಲ್ಲವರು ಮಾತ್ರ.

ಪಂಚಾಯಿತಿಯಿಂದ ಜಿನೀವಾಕ್ಕೆ

ನಿಷೇಧ ಒಂದೇ ಏಟಿಗೆ ಬರಲಿಲ್ಲ. 2001ರಲ್ಲಿ ಕೇರಳ ಸರ್ಕಾರ ತಡೆ ಹಾಕಿತು, ಆಮೇಲೆ ಅದನ್ನು ಸಡಿಲಿಸಿತು. 2002ರಲ್ಲಿ ಕೇರಳ ಹೈಕೋರ್ಟ್ ಮತ್ತೆ ಬಿಗಿಗೊಳಿಸಿತು. 2005ರಲ್ಲಿ ಕೇಂದ್ರ ಸರ್ಕಾರ ಕೇರಳದ ಮಟ್ಟಿಗಷ್ಟೇ ಬಳಕೆ ನಿಲ್ಲಿಸಿತು. ಅಂದರೆ ಗಡಿಯ ಆಚೆ ಕಾನೂನುಬಾಹಿರವಾದ ಬಾಟಲಿ ಗಡಿಯ ಈಚೆ ಕಾನೂನುಬದ್ಧ ಸರಕು! ಕೀಟನಾಶಕ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರಗಳ ಕೈಯಲ್ಲಿರುವುದು ಅಲ್ಪಾವಧಿಯ ತಡೆ ಮಾತ್ರ. ಪೂರ್ತಿ ನಿಷೇಧಿಸುವ ಅಧಿಕಾರ ಕೇಂದ್ರದ್ದು. 2011ರ ಫೆಬ್ರುವರಿಯಲ್ಲಿ ಕರ್ನಾಟಕ ಹಾಕಿದ ತಡೆಯೂ ಆ ಚೌಕಟ್ಟಿನದೇ.

ಕೇಂದ್ರ ಮಾತ್ರ ಜಗ್ಗಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದ ದೇಶ ನಮ್ಮದು. ತಯಾರಕರಲ್ಲಿ ಕೇಂದ್ರದ್ದೇ ಉದ್ದಿಮೆಯಾದ ಹಿಂದುಸ್ತಾನ್ ಇನ್‌ಸೆಕ್ಟಿಸೈಡ್ಸ್ ಕೂಡ ಇತ್ತು. ಕಡಿಮೆ ಬೆಲೆಗೆ ಸಿಗುವ ಮದ್ದು ರೈತನ ಕೈತಪ್ಪುತ್ತದೆ ಎಂಬ ವಾದವೂ ಇತ್ತು. ಅಳಿಯದೆ ಉಳಿಯುವ ಸಾವಯವ ಮಾಲಿನ್ಯಕಾರಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಇದನ್ನು ಸೇರಿಸುವ ಪ್ರಸ್ತಾವವನ್ನು ಭಾರತ ವರ್ಷಗಟ್ಟಲೆ ವಿರೋಧಿಸಿತು. 2011ರ ಏಪ್ರಿಲ್ 25ರಂದು ಜಿನೀವಾದಲ್ಲಿ ಸಭೆ ಶುರುವಾದ ದಿನವೇ ಕೇರಳದ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕೂತರು. ಸಭೆ ಮುಗಿಯುವಷ್ಟರಲ್ಲಿ, ಕೆಲವು ಬೆಳೆಗಳಿಗೆ ಕಾಲಾವಕಾಶದ ವಿನಾಯಿತಿ ಪಡೆದು, ಭಾರತ ಒಪ್ಪಿತು. ಎರಡು ವಾರ ಕಳೆದು, ಮೇ 13ರಂದು, ಯುವಜನ ಸಂಘಟನೆ ಡಿವೈಎಫ್‌ಐ ಸಲ್ಲಿಸಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಯನ್ನು ಮಧ್ಯಂತರ ಆದೇಶದಲ್ಲಿ ನಿಲ್ಲಿಸಿತು.

ಪಕ್ಷ, ನ್ಯಾಯಾಲಯ, ವಿಶ್ವಸಂಸ್ಥೆಯ ಸಭೆ ಎಲ್ಲವೂ ಸೇರಿದ ಈ ಕಥೆಯಲ್ಲಿ ಪಡ್ರೆಯ ಪಾಲು ಕಣ್ಮರೆಯಾಗುವುದು ಸುಲಭ. ಆದರೆ ಆ ದೊಡ್ಡ ಮೇಜುಗಳ ಮೇಲೆ ಇಡಲು ಏನಾದರೂ ಇದ್ದದ್ದು ಹಳ್ಳಿಯಲ್ಲಿ ಯಾರೋ ಮೊದಲು ಬರೆದಿಟ್ಟಿದ್ದರಿಂದ.

ಕೊಕ್ಕಡದ ಕಡೆಗೆ

ಗಡಿಯ ಈಚೆಯೂ ಕಥೆ ಬೇರೆಯಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಮುತ್ತ ಕರ್ನಾಟಕದ ಗೇರು ಅಭಿವೃದ್ಧಿ ನಿಗಮದ ತೋಪುಗಳ ಮೇಲೂ ಹೆಲಿಕಾಪ್ಟರ್ ಹಾರಿತ್ತು. ಇಲ್ಲಿಯ ಮನೆಗಳಲ್ಲೂ ಮಲಗಿದಲ್ಲೇ ಬೆಳೆದ ಮಕ್ಕಳಿದ್ದಾರೆ. ಕಾಸರಗೋಡಿನ ಹೋರಾಟ ದೇಶದ ಕಿವಿಗೆ ಬಿದ್ದ ಮೇಲೂ ಕೊಕ್ಕಡದ ಹೆಸರು ಬೆಂಗಳೂರಿಗೆ ತಲುಪಲು ತಡವಾಯಿತು. ಸ್ಥಳೀಯ ಹೋರಾಟಗಾರರು, ಉಡುಪಿಯ ಮಾನವ ಹಕ್ಕುಗಳ ರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನಭಾಗ್ ಅವರಂಥವರು ಮನೆಮನೆ ತಿರುಗಿ ವಿವರ ಕೂಡಿಸಿದರು. ವಿಷಯ ಹೈಕೋರ್ಟಿಗೂ ಹೋಯಿತು. ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಮಾಸಾಶನ, ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಹೊತ್ತಿನ ಪಾಲನಾ ಕೇಂದ್ರಗಳು ಬಂದದ್ದು ಹೀಗೆ.

ವಿಷದ ಬಾಕಿ ಇನ್ನೂ ತೀರಿಲ್ಲ. ನಿಷೇಧದ ನಂತರ ಉಳಿದ ಎಂಡೋಸಲ್ಫಾನನ್ನು ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ನಿನವರು ಗಡಿಯಂಚಿನ ಮಿಂಚಿನಪದವು ಗುಡ್ಡದ ಬಾವಿಯೊಂದರಲ್ಲಿ ಹೂತಿದ್ದಾರೆ ಎಂಬ ಆರೋಪ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿದೆ. ಆ ಗುಡ್ಡದ ನೀರು ಕರ್ನಾಟಕದ ಕಡೆಗೂ ಇಳಿಯುತ್ತದೆ.

ನಿಷೇಧದ ಮರುದಿನ

ಮದ್ದು ನಿಂತಿತು. ಆದರೆ ಹಾಸಿಗೆಯಲ್ಲಿದ್ದ ಮಗು ಹಾಸಿಗೆಯಲ್ಲೇ ಇತ್ತು. ನೀತಿ ಎಡವಿದ್ದು ಇಲ್ಲಿಂದ ಮುಂದೆ.

ಕಾಸರಗೋಡಿನ 11 ಗ್ರಾಮ ಪಂಚಾಯಿತಿಗಳನ್ನು ಬಾಧಿತ ಪ್ರದೇಶವೆಂದು ಗುರುತಿಸಿ, ವೈದ್ಯಕೀಯ ಶಿಬಿರಗಳನ್ನು ನಡೆಸಿ ಸಂತ್ರಸ್ತರ ಪಟ್ಟಿ ಮಾಡಿದರು. 2010ರ ಡಿಸೆಂಬರ್‌ನಲ್ಲಿ ಮಾನವ ಹಕ್ಕುಗಳ ಆಯೋಗ, ತೀರಿಕೊಂಡವರ ಕುಟುಂಬಕ್ಕೂ ಪೂರ್ತಿ ಹಾಸಿಗೆ ಹಿಡಿದವರಿಗೂ ಕನಿಷ್ಠ 5 ಲಕ್ಷ ರೂಪಾಯಿ, ಉಳಿದವರಿಗೆ 3 ಲಕ್ಷ ರೂಪಾಯಿ ಕೊಡಲು ಶಿಫಾರಸು ಮಾಡಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಿ ಎಂದಿತು. ವರ್ಷಗಳೇ ಕಳೆದರೂ ಹಣ ಬಾರದೆ ಎಂಟು ಮಂದಿ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬೇಕಾಯಿತು. ಕೊಟ್ಟದ್ದು ಆ ಎಂಟು ಮಂದಿಗೆ ಮಾತ್ರವೇ ಎಂದು 2022ರ ಮೇ ತಿಂಗಳಲ್ಲಿ ಕೋರ್ಟು ಕೇರಳ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಈ ನಡುವೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ರೈಲು ಹತ್ತಿ ಹೋಗಿ ಸಚಿವಾಲಯದ ಮುಂದೆ ಕೂತರು, ಒಮ್ಮೆಯಲ್ಲ, ಹಲವು ಸಲ.

ಈ ತಾಯಂದಿರ ಬೇಡಿಕೆಗಳಲ್ಲಿ ಹಣದಷ್ಟೇ ಮುಖ್ಯವಾದದ್ದು ಪಟ್ಟಿ. ಯಾರು ಸಂತ್ರಸ್ತರು, ಯಾರಲ್ಲ ಎನ್ನುವುದನ್ನು ಒಂದು ದಿನದ ಶಿಬಿರ ನಿರ್ಧರಿಸುತ್ತದೆ. ಶಿಬಿರದ ದಿನ ಮಗುವಿಗೆ ಜ್ವರ ಇದ್ದರೆ, ಜೀಪು ಸಿಗದಿದ್ದರೆ, ಮನೆ ಬಾಧಿತ ಪಂಚಾಯಿತಿಯ ಗೆರೆಯಿಂದ ತುಸು ಆಚೆ ಇದ್ದರೆ ಹೆಸರು ಬಿಟ್ಟುಹೋಗುತ್ತದೆ. ಹೆಸರು ಬಿಟ್ಟರೆ ಔಷಧ, ಮಾಸಾಶನ, ಪರಿಹಾರ ಯಾವುದೂ ಇಲ್ಲ. ವಿಷವನ್ನು ಗುರುತಿಸುವಾಗ ಊರಿನ ತಿಳಿವಳಿಕೆ ಬೇಕಾಗಿತ್ತು, ಸಂತ್ರಸ್ತರನ್ನು ಗುರುತಿಸುವಾಗ ಅದೇ ಊರನ್ನು ಸಾಲಿನಲ್ಲಿ ನಿಲ್ಲಿಸಿದರು. ಮಕ್ಕಳೇನೋ ನಡುವಯಸ್ಸಿನತ್ತ ಬಂದರು, ನೋಡಿಕೊಳ್ಳುವ ಅಪ್ಪ ಅಮ್ಮಂದಿರು ಮುದುಕರಾದರು. ನಾವು ಹೋದ ಮೇಲೆ ಇವರನ್ನು ಯಾರು ನೋಡುತ್ತಾರೆ ಎಂಬ ಅವರ ಪ್ರಶ್ನೆಗೆ ಸಂಜೆ ಬಾಗಿಲು ಹಾಕುವ ಪಾಲನಾ ಕೇಂದ್ರ ಉತ್ತರವಲ್ಲ. ಶಾಶ್ವತ ವಸತಿ ಕೇಂದ್ರ ಬೇಕು ಎಂದು ಎರಡೂ ರಾಜ್ಯಗಳಲ್ಲಿ ಅವರು ಕೇಳುತ್ತಲೇ ಬಂದಿದ್ದಾರೆ.

ಮುಂದಿನ ಬಾಟಲಿ ಬರುವ ಮೊದಲು

ಸಮುದಾಯದ ಸಹಭಾಗಿತ್ವ ಎಂಬ ಮಾತು ಈಗ ಪ್ರತಿಯೊಂದು ಯೋಜನಾ ವರದಿಯಲ್ಲೂ ಇದೆ. ಸಾಮಾನ್ಯವಾಗಿ ಅದರರ್ಥ ಎಲ್ಲ ತೀರ್ಮಾನ ಆದ ಮೇಲೆ ಊರಿನಲ್ಲೊಂದು ಸಭೆ ಕರೆದು ಸಹಿ ಪಡೆಯುವುದು. ಪಡ್ರೆಯಲ್ಲಿ ಆದದ್ದು ಇದಕ್ಕೆ ತಿರುವುಮುರುವು. ಪ್ರಶ್ನೆ ಊರಿನದು, ವಿಧಾನ ವಿಜ್ಞಾನಿಗಳದು, ಭಾಷಾಂತರದ ಕೆಲಸ ಪತ್ರಕರ್ತರದು, ಒತ್ತಡ ರಾಜಕೀಯ ಸಂಘಟನೆಗಳದು. ಯಾರೂ ಇನ್ನೊಬ್ಬರ ಕೆಲಸ ಮಾಡಲು ಹೋಗಲಿಲ್ಲ. ಆದರೆ ಇದೆಲ್ಲ ಕೂಡಿಬಂದದ್ದು ಆ ಊರಿನಲ್ಲಿ ಅಂಥ ವೈದ್ಯ, ಅಂಥ ಪತ್ರಕರ್ತ ಇದ್ದರು ಎಂಬ ಆಕಸ್ಮಿಕದಿಂದ. ನೀತಿ ಆಕಸ್ಮಿಕವನ್ನು ನಂಬಿ ಕೂರಬಾರದು.

ಮಾಡಬೇಕಾದ್ದು ದುಬಾರಿಯೂ ಅಲ್ಲ. ಹುಟ್ಟಿನ ಊನಗಳು, ಗರ್ಭಪಾತಗಳ ವಿವರ ಆಶಾ ಕಾರ್ಯಕರ್ತೆಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದೇ ಬರುತ್ತದೆ. ಎಲ್ಲಿ, ಯಾವಾಗ, ಯಾವ ಮದ್ದು ಹೊಡೆದರು ಎಂಬ ಲೆಕ್ಕ ತೋಪುಗಳ ಕಚೇರಿಯಲ್ಲಿ ಇರುತ್ತದೆ. ಒಂದು ಆರೋಗ್ಯ ಇಲಾಖೆಯ ಪುಸ್ತಕ, ಇನ್ನೊಂದು ಕೃಷಿಯವರದ್ದು. ಎರಡೂ ಒಂದೇ ಮೇಜಿನ ಮೇಲೆ ಬರುವ ಪದ್ಧತಿ ನಮ್ಮಲ್ಲಿಲ್ಲ. ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಎರಡನ್ನೂ ಓದಿ ಹೇಳಬೇಕು ಎಂದು ನಿಯಮ ಮಾಡಿದರೆ, ಮುಂದಿನ ಡಾಕ್ಟರ್ ಮೋಹನ ಕುಮಾರರಿಗೆ ಹದಿನೈದು ವರ್ಷ ಕಾಯುವ ಅಗತ್ಯ ಬೀಳದು. ರಕ್ತದ ಮಾದರಿ ಕೊಟ್ಟ ಮನೆಗೆ ಫಲಿತಾಂಶ ಅವರ ಭಾಷೆಯಲ್ಲೇ ಮರಳಬೇಕು. ಸಂತ್ರಸ್ತರ ಪಟ್ಟಿ ಮಾಡುವ ಸಮಿತಿಯಲ್ಲಿ ಸಂತ್ರಸ್ತರ ಮನೆಯವರೂ ಇರಬೇಕು. ವಿಷದಿಂದ ತೊಂದರೆಯಾಗಿದೆ ಎಂದು ಸಾಬೀತುಪಡಿಸುವ ಹೊರೆಯನ್ನು ಕೂಲಿ ಮಾಡುವ ತಾಯಿಯ ತಲೆಯಿಂದ ಇಳಿಸಿ, ತೊಂದರೆಯಿಲ್ಲ ಎಂದು ತೋರಿಸುವ ಹೊಣೆಯನ್ನು ಮಾರುವವನಿಗೆ ವಹಿಸಬೇಕು.

ಎಂಡೋಸಲ್ಫಾನ್ ಹೋಯಿತು, ಕೀಟನಾಶಕಗಳು ಹೋಗಲಿಲ್ಲ. ಹೆಲಿಕಾಪ್ಟರಿನ ಜಾಗಕ್ಕೆ ಈಗ ಡ್ರೋನ್ ಬರುತ್ತಿದೆ, ಅದಕ್ಕೆ ಸರ್ಕಾರದ ಸಬ್ಸಿಡಿಯೂ ಇದೆ. ಅದು ಕೆಟ್ಟದ್ದೆಂದು ಈಗಲೇ ಹೇಳಬೇಕಾಗಿಲ್ಲ. ಯಾವ ಗುಡ್ಡದ ನೀರು ಯಾವ ಮನೆಗೆ ಇಳಿಯುತ್ತದೆ ಎಂದು ಹಾರಿಸುವ ಮೊದಲು ಊರನ್ನು ಕೇಳುವ ನಿಯಮವಾದರೂ ಇರಲಿ. 1970ರ ದಶಕದಲ್ಲಿ ಅಷ್ಟನ್ನು ಮಾಡಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.